ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ವೈಫೈ ಬರುತ್ತಿಲ್ಲವೆಂದು ಇಡೀ ಸಿಸ್ಟಮ್ಮನ್ನೇ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಮೊದಲ ಸಲ ಇಲ್ಲದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಎರಡನೇ ಸಲವೂ ಇರುವುದಿಲ್ಲ. ವೈಫೈ ಕಾರ್ಡ್, ಅದನ್ನು ನಡೆಸುವ ಡ್ರೈವರ್, ಫರ್ಮ್‌ವೇರ್, ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್: ಇವುಗಳಲ್ಲಿ ಯಾವುದು ಮುಗ್ಗರಿಸಿದೆ ಎಂಬುದನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ಸಾಕು.

ಪ್ಯಾಕೇಜ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಲ್ಲ, ಅದಕ್ಕೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಹಂಚುವುದು) ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಕೆಳಗಿನ ಕಮಾಂಡ್‌ಗಳನ್ನು ಓದಲು ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. 'ಸಾಫ್ಟ್ ಬ್ಲಾಕ್ಡ್' ಎದುರು 'ಯೆಸ್' ಇದ್ದರೆ 'ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದರೆ ತೆರೆಯುತ್ತದೆ. 'ಹಾರ್ಡ್ ಬ್ಲಾಕ್ಡ್' ಎದುರು 'ಯೆಸ್' ಇದ್ದರೆ ಕಮಾಂಡ್‌ನಿಂದ ಆಗುವ ಕೆಲಸವಲ್ಲ. ಲ್ಯಾಪ್‌ಟಾಪಿನ ಅಂಚಿನ ಸ್ವಿಚ್, ಏರೋಪ್ಲೇನ್ ಚಿತ್ರದ ಕೀ, ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡುವ ಸಾಫ್ಟ್‌ವೇರ್) ಸೆಟ್ಟಿಂಗ್, ಮೂರನ್ನೂ ನೋಡಿ.

ಆಮೇಲೆ 'ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ'. 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲಿನಲ್ಲಿ ಕಾರ್ಡಿನ ಹೆಸರೂ, ನಡುವೆ ಕೋಲನ್ ಇರುವ ನಾಲ್ಕು-ನಾಲ್ಕು ಅಕ್ಷರಗಳ ಗುರುತೂ ಇರುತ್ತವೆ. ಪರಿಹಾರ ಹುಡುಕುವಾಗ ಲ್ಯಾಪ್‌ಟಾಪಿನ ಮಾಡೆಲ್‌ಗಿಂತ ಈ ಗುರುತನ್ನು ನಂಬಿ, ಏಕೆಂದರೆ ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಾರ್ಡ್ ಹಾಕಿರುವುದುಂಟು. ಯುಎಸ್‌ಬಿ ಡಾಂಗಲ್ ಆದರೆ 'ಎಲ್‌ಎಸ್‌ಯುಎಸ್‌ಬಿ' ಬಳಸಿ. ಕಾರ್ಡೇ ಕಾಣದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದು ನೋಡಿ. ಜೊತೆಗೆ ವಿಂಡೋಸ್ ಕೂಡ ಇದ್ದರೆ ಅದರ 'ಫಾಸ್ಟ್ ಸ್ಟಾರ್ಟಪ್' ತೆಗೆಯಿರಿ. ಅದು ಆನ್ ಇದ್ದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಕಾರ್ಡನ್ನು ಅರೆನಿದ್ದೆಯಲ್ಲೇ ಬಿಡಬಹುದು.

ಕಾರ್ಡಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲು ಇದೆಯೇ? ಇಲ್ಲದಿದ್ದರೆ ಡ್ರೈವರ್ ಲೋಡ್ ಆಗಿಲ್ಲ. ಇದ್ದೂ ವೈಫೈ ಇಲ್ಲವೆಂದರೆ ಫರ್ಮ್‌ವೇರ್ ಮೇಲೆ ಅನುಮಾನಪಡಿ. 'ಸುಡೋ ಡಿಮೆಸೇಜ್' (ಡಿ, ಎಂ, ಇ, ಎಸ್, ಜಿ) ಔಟ್‌ಪುಟ್‌ನಲ್ಲಿ 'ಫರ್ಮ್‌ವೇರ್' ಪದವನ್ನು ಹುಡುಕಿ. ಲೋಡ್ ಆಗಲಿಲ್ಲ ಎಂಬ ಸಾಲಿನ ಕೊನೆಗೆ ಮೈನಸ್ 2 ಇದ್ದರೆ ಫೈಲ್ ಸಿಗಲಿಲ್ಲವೆಂದರ್ಥ. ಉಬುಂಟು, ಫೆಡೋರಾಗಳಲ್ಲಿ 'ಲಿನಕ್ಸ್-ಫರ್ಮ್‌ವೇರ್' ಪ್ಯಾಕೇಜ್ ಅಪ್‌ಡೇಟ್ ಮಾಡಿ. ಡೆಬಿಯನ್‌ನಲ್ಲಿ ಇಂಟೆಲ್ ಕಾರ್ಡಿಗೆ 'ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ' ಬೇಕು. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ. ಹಳೆಯ ಆವೃತ್ತಿಯಲ್ಲಿ ಪ್ಯಾಕೇಜ್ ಮೂಲಗಳ ಪಟ್ಟಿಗೆ ನಾನ್-ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರ್‌ಗಳ) ವಿಭಾಗವನ್ನು ನಾವೇ ಸೇರಿಸಬೇಕು.

ಹೆಚ್ಚು ಗೋಳಾಡಿಸುವುದು ಬ್ರಾಡ್‌ಕಾಮ್ ಕಾರ್ಡುಗಳು. ಅವುಗಳಲ್ಲಿ ಹಲವಕ್ಕೆ 'ಡಬ್ಲ್ಯುಎಲ್' ಎಂಬ ಪ್ರತ್ಯೇಕ ಡ್ರೈವರ್ ಬೇಕು. ಡೆಬಿಯನ್‌ನಲ್ಲಿ 'ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್' ಪ್ಯಾಕೇಜ್ ಹಾಕಿದರೆ ಅದು ನಿಮ್ಮ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ತಕ್ಕಂತೆ ಕಂಪೈಲ್ ಆಗುತ್ತದೆ. ಅದಕ್ಕೆ ಕರ್ನಲ್ ಹೆಡರ್ಸ್ (ಆ ಕರ್ನಲ್‌ಗಾಗಿ ಡ್ರೈವರ್ ಕಟ್ಟಲು ಬೇಕಾದ ಫೈಲುಗಳು) ಬೇಕೇ ಬೇಕು. ನೆನ್ನೆಯವರೆಗೆ ಸರಿಯಿದ್ದ ವೈಫೈ ಕರ್ನಲ್ ಅಪ್‌ಡೇಟ್ ಆದ ಮರುದಿನ ಮಾಯವಾಗುವುದು ಹಲವು ಸಲ ಹೆಡರ್ಸ್ ಇಲ್ಲದೆ ಕಂಪೈಲ್ ನಿಂತುಹೋದದ್ದರಿಂದಲೇ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಿಂದ ಹಳೆಯ ಕರ್ನಲ್ ಬೂಟ್ ಮಾಡಿ. ಆಗ ವೈಫೈ ಬಂದರೆ ಕಾರ್ಡ್ ಸರಿಯಿದೆ, ತಪ್ಪು ಹೊಸ ಕರ್ನಲ್ ಕಡೆಯದು. ಡ್ರೈವರ್ ಕಂಪೈಲ್ ಆದರೂ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಭದ್ರತೆ) ಅದನ್ನು ತಡೆಯಬಹುದು. ಲೋಡ್ ಮಾಡುವಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂದರೆ ಕಾರಣ ಅದೇ. ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳಿದ್ದರೆ, ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದನ್ನೇ ಕೊಡಿ. ಅವಸರದಲ್ಲಿ ಆ ಪರದೆಯನ್ನು ದಾಟಿಬಿಡಬೇಡಿ.

ಡ್ರೈವರ್ ಸರಿಯಿದ್ದೂ ನೆಟ್‌ವರ್ಕ್ ಪಟ್ಟಿ ಬರದಿದ್ದರೆ 'ಎನ್‌ಎಂಸಿಎಲ್‌ಐ ಡಿವೈಸ್' ನೋಡಿ. 'ಅನ್‌ಮ್ಯಾನೇಜ್ಡ್' ಎಂದಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಆ ಕಾರ್ಡಿನ ತಂಟೆಗೇ ಹೋಗಿಲ್ಲ. ಡೆಬಿಯನ್‌ನಲ್ಲಿ ಇಟಿಸಿ ಫೋಲ್ಡರ್, ಅದರೊಳಗೆ ನೆಟ್‌ವರ್ಕ್, ಅದರೊಳಗಿನ 'ಇಂಟರ್‌ಫೇಸಸ್' ಫೈಲಿನಲ್ಲಿ ಕಾರ್ಡಿನ ಹೆಸರಿದ್ದರೆ ಹೀಗಾಗುತ್ತದೆ. ಆ ಸಾಲುಗಳ ಮುಂದೆ ಹ್ಯಾಶ್ ಹಾಕಿ ರೀಬೂಟ್ ಮಾಡಿ.

ಸಂಪರ್ಕ ಆಗಾಗ ಕಡಿದುಹೋಗುತ್ತದೆಯೇ? ಮೊದಲು ಸಿಗ್ನಲ್ ಅಳೆಯಿರಿ: ಮೈನಸ್ 50 ಡಿಬಿಎಂ ಚೆನ್ನಾಗಿದೆ, ಮೈನಸ್ 80 ಎಂದರೆ ರೂಟರ್ ಹತ್ತಿರ ಹೋಗಲೇಬೇಕು. ಸಿಗ್ನಲ್ ಚೆನ್ನಾಗಿದ್ದೂ ಕಡಿದರೆ ಪವರ್ ಸೇವಿಂಗ್ ನಿಲ್ಲಿಸಿ ನೋಡಿ. ನೆಟ್‌ವರ್ಕ್ ಮ್ಯಾನೇಜರ್‌ನ ಕಾನ್ಫಿಗ್ ಫೈಲಿನಲ್ಲಿ 'ವೈಫೈ ಡಾಟ್ ಪವರ್‌ಸೇವ್' ಬೆಲೆ 3 ಇದ್ದರೆ ಆನ್, 2 ಮಾಡಿದರೆ ಆಫ್. ಬ್ಯಾಟರಿ ತುಸು ಬೇಗ ಇಳಿಯಬಹುದು.

ವೈಫೈ ಕನೆಕ್ಟ್ ಆಗಿಯೂ ಪುಟಗಳು ತೆರೆಯದಿದ್ದರೆ 'ಪಿಂಗ್ 1.1.1.1' ಕೊಡಿ. ಅದಕ್ಕೆ ಉತ್ತರ ಬಂದು, ಸೈಟಿನ ಹೆಸರಿಗೆ ಮಾತ್ರ ಬರದಿದ್ದರೆ ವೈಫೈ ತಪ್ಪಿಲ್ಲ, ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಅಂಕಿಗಳ ವಿಳಾಸ ಹುಡುಕುವ ವ್ಯವಸ್ಥೆ) ಸರಿಪಡಿಸಿ.