ಕಡಿತ ಎಲ್ಲಿ ಮಾಡಿದೆವು, ಎಲ್ಲಿ ಮಾಡಲಿಲ್ಲ

ಮಲೆನಾಡಿನ ಒಂದು ವಿಶ್ವವಿದ್ಯಾಲಯದ ಗಣಕ ವಿಭಾಗದ ಹೊಣೆ ನನ್ನ ಹೆಗಲಿಗೆ ಬಂದ ವರ್ಷವೇ ಖರ್ಚು ತಗ್ಗಿಸಬೇಕೆಂಬ ಸುತ್ತೋಲೆಯೂ ಬಂತು. ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆ ಕತ್ತರಿ ಹಾಕುವುದು ಎಲ್ಲರಿಗೂ ಸುಲಭವಾಗಿ ಕಂಡಿತು. ಅದಕ್ಕೆ ಮೊದಲು ದುಡ್ಡು ಎಲ್ಲಿ ಸೋರುತ್ತಿದೆ ಎಂದು ನೋಡಲೇಬೇಕೆಂದು ನಾನು ಹಠ ಹಿಡಿದೆ.

ವಾರ್ಷಿಕ ನಿರ್ವಹಣಾ ಗುತ್ತಿಗೆಗಳ ಕಡತವನ್ನು ಸ್ಟಾಕ್ ರಿಜಿಸ್ಟರ್ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದೆವು. ಗುಜರಿ ಸೇರಬೇಕಿದ್ದ ಯಂತ್ರಗಳಿಗೂ ನಿರ್ವಹಣಾ ಶುಲ್ಕ ಸಲ್ಲುತ್ತಿತ್ತು. ಒಂದೇ ತಂತ್ರಾಂಶವನ್ನು ಬೇರೆ ಬೇರೆ ವಿಭಾಗಗಳು ತಮ್ಮ ತಮ್ಮ ಹೆಸರಿನಲ್ಲಿ ಕೊಂಡಿದ್ದವು. ಇವನ್ನು ನಿಲ್ಲಿಸಲು ಒಂದು ಟಿಪ್ಪಣಿ ಸಾಕಾಯಿತು.

ನಿಜವಾದ ಕೆಲಸವಿದ್ದದ್ದು ಸರ್ವರ್‌ಗಳಲ್ಲಿ. ವಿಭಾಗಕ್ಕೊಂದು ಸರ್ವರ್, ಅದಕ್ಕೊಂದು ಎ.ಸಿ., ಅದಕ್ಕೊಂದು ಯುಪಿಎಸ್. 300 ವ್ಯಾಟ್ ಎಳೆಯುವ ಸರ್ವರ್ ಹಗಲಿರುಳು ಓಡಿದರೆ ವರ್ಷಕ್ಕೆ 2,600 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ತಂಪಿನ ಖರ್ಚು ಬೇರೆ. ಹೆಚ್ಚಿನವು ಬಹುಪಾಲು ಹೊತ್ತು ಕೆಲಸವಿಲ್ಲದೆ ಉರಿಯುತ್ತಿದ್ದವು. ಗ್ರಂಥಾಲಯದ ತಂತ್ರಾಂಶ ಕೋಹಾ, ಪಾಠಗಳ ತಂತ್ರಾಂಶ ಮೂಡಲ್, ವಿಭಾಗಗಳ ಜಾಲತಾಣ ಎಲ್ಲವನ್ನೂ, ಒಂದೇ ಯಂತ್ರವನ್ನು ಹಲವು ಸರ್ವರ್‌ಗಳಂತೆ ದುಡಿಸುವ ಪ್ರಾಕ್ಸ್‌ಮಾಕ್ಸ್ ಬಳಸಿ ಕೆಲವೇ ಯಂತ್ರಗಳ ಮೇಲೆ ವರ್ಚುವಲ್ ಸರ್ವರ್‌ಗಳಾಗಿ ಕೂರಿಸಿದೆವು. ಪರೀಕ್ಷಾಂಗ ವಿಭಾಗ ಬಹಳ ದಿನ ಒಪ್ಪಲಿಲ್ಲ. ಅವರ ಆತಂಕ ನ್ಯಾಯವಾದದ್ದೇ: ಫಲಿತಾಂಶದ ದಿನ ಎಲ್ಲರೂ ಒಮ್ಮೆಗೇ ಮುಗಿಬೀಳುತ್ತಾರೆ. ಆ ದಿನ ಮಾತ್ರ ಅವರ ಸರ್ವರ್‌ಗೆ ಹೆಚ್ಚಿನ ಮೆಮೊರಿ, ಪ್ರೊಸೆಸರ್ ಕೊಟ್ಟು ಮರುದಿನ ಹಿಂಪಡೆಯಬಹುದೆಂದು ಮಾಡಿ ತೋರಿಸಿದ ಮೇಲೆ ಕುಲಸಚಿವರು (ಮೌಲ್ಯಮಾಪನ) ಸಹಿ ಹಾಕಿದರು.

ಒಂದು ಕಡೆ ಖರ್ಚು ಹೆಚ್ಚಿಸಿದೆವು. ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆಯಲ್ಲಿ, ಕಟ್ಟಡದಿಂದ ಕಟ್ಟಡಕ್ಕೆ ಎಳೆದಿದ್ದ ತಾಮ್ರದ ಕೇಬಲ್‌ಗಳ ಮೂಲಕ ಸಿಡಿಲಿನ ಹೊಡೆತ ನುಗ್ಗಿ ಕಂಪ್ಯೂಟರ್ ಜಾಲದ ಸ್ವಿಚ್‌ಗಳು ಸುಟ್ಟುಹೋಗುತ್ತಿದ್ದವು. ಅವುಗಳ ಜಾಗಕ್ಕೆ ಲೋಹದ ಕವಚವಿಲ್ಲದ ಆಪ್ಟಿಕಲ್ ಫೈಬರ್ ಹಾಕಿಸಿದೆವು; ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಅರ್ಥಿಂಗ್ ಗುಂಡಿಗಳನ್ನೂ ಹೊಸದಾಗಿ ತೋಡಿಸಿದೆವು. ಮಲೆನಾಡಿನಲ್ಲಿ ಇದನ್ನು ಬಿಟ್ಟು ಉಳಿತಾಯದ ಮಾತಾಡುವುದು ವ್ಯರ್ಥ.

ಕಚೇರಿಗಳಿಗೆ ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್ ತಂದಾಗ ತೊಡಕಾದದ್ದು ಕನ್ನಡದ ಹಳೆಯ ಕಡತಗಳಿಂದ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದ ಆದೇಶಗಳನ್ನು ಎಲ್ಲೆಡೆ ಓದಬಲ್ಲ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಯಿತು. ಪ್ರಥಮ ದರ್ಜೆ ಸಹಾಯಕರೇ ಆ ಕೆಲಸ ಮಾಡಿದರು. ಈಗ ಹಳೆಯ ಸುತ್ತೋಲೆಯನ್ನು ಒಂದು ಪದ ಹಾಕಿ ಹುಡುಕಬಹುದು. ಲೆಕ್ಕಪತ್ರ ಶಾಖೆಗೆ ಮಾತ್ರ ಎಕ್ಸೆಲ್ ಉಳಿಸಿದೆವು, ಅದರೊಳಗೆ ತಾವಾಗಿ ಲೆಕ್ಕ ಮಾಡುವ ಅವರ ಮ್ಯಾಕ್ರೋಗಳನ್ನು ಮುರಿಯುವುದು ಸರಿಯಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ಪ್ರಯೋಗಾಲಯದ ಹಳೆಯ ಕಂಪ್ಯೂಟರ್‌ಗಳನ್ನು ಎಸೆಯದೆ ಲಿನಕ್ಸ್ ಹಾಕಿದೆವು.

ಬ್ಯಾಕಪ್ ಮತ್ತು ಮನುಷ್ಯರು, ಇವೆರಡನ್ನು ಮುಟ್ಟಲು ನಾನು ಬಿಡಲಿಲ್ಲ. ಈ ಬದಲಾವಣೆಯನ್ನೆಲ್ಲ ಕೈಯಾರೆ ಮಾಡಿದವರು ಹೊರಗುತ್ತಿಗೆಯ ತಂತ್ರಜ್ಞರು. ಉಳಿದ ಹಣದಲ್ಲಿ ಅವರ ವೇತನ ಹೆಚ್ಚಿಸಬೇಕೆಂಬ ನನ್ನ ಪ್ರಸ್ತಾವ ಈಗ ಹಣಕಾಸು ಅಧಿಕಾರಿಯ ಮೇಜಿನ ಮೇಲಿದೆ. ಮುಂದಿನ ಸಭೆಗೂ ಅದನ್ನೇ ಹಿಡಿದು ಹೋಗುತ್ತೇನೆ.