ಎಮರಾಲ್ಡ್ ಬ್ಯಾಟಲ್ ಒಳಗೆ ಭರತಿ-ಇಳಿತ ತಂದ ಕಥೆ – ನನ್ನ ಅನುಭವ

ಪೋಕೆಮಾನ್ ಎಮರಾಲ್ಡ್‌ಗೆ (ಗೇಮ್ ಬಾಯ್ ಅಡ್ವಾನ್ಸ್, ಅಂದ್ರೆ ಜಿಬಿಎ ಯಂತ್ರದ ಹಳೇ ಆಟ) ಸಮುದ್ರದ ಭರತಿ-ಇಳಿತದ ಹೊಸ ನಿಯಮ ಸೇರಿಸ್ತೀನಿ ಅಂದಾಗ ನಮ್ಮ ಗುಂಪಲ್ಲಿ ಒಬ್ಬನೂ ನಂಬಿರಲಿಲ್ಲ. ಶಿರಸಿ ದೋಸ್ತ ಒಬ್ಬ ಅಂತೂ "ಎಂತದಾ ಮಾರಾಯಾ ಇದು, ರೇನ್ ಡ್ಯಾನ್ಸ್‌ಗೇ ಬೇರೆ ಹೆಸರಿಟ್ಟಿದ್ಯಲಾ" ಅಂದ (ರೇನ್ ಡ್ಯಾನ್ಸ್ ಅಂದ್ರೆ ಬ್ಯಾಟಲ್‌ನಲ್ಲಿ ಮಳೆ ತರಿಸೋ ಮೂವ್). ಈಗ ಅವನೇ ವಾರವಾರ ಲಿಂಕ್ ಬ್ಯಾಟಲ್‌ಗೆ (ಇಬ್ಬರ ಯಂತ್ರ ಜೋಡಿಸಿ ಆಡೋ ಪಂದ್ಯ) ಕರೀತಾನೆ, ಸೋತ್ರೆ ಭರತಿಗೆ ಬೈತಾನೆ. ಡಿಕಾಂಪ್ (ಆಟವನ್ನ ಬಿಡಿಸಿ ಮರಳಿ ಬರೆದ ಕೋಡ್) ಬಿಲ್ಡ್ ಮಾಡೋದು, ಎಂಜಿಬಿಎ (ಕಂಪ್ಯೂಟರಲ್ಲಿ ಜಿಬಿಎ ಆಟ ಓಡಿಸೋ ಸಾಫ್ಟ್‌ವೇರ್) ಸೆಟ್ ಮಾಡೋದು ಇವೆಲ್ಲ ಗೊತ್ತಿರೋರಿಗೇ ಇದು, ಅದನ್ನ ಮತ್ತೆ ಹೇಳಲ್ಲ.

ಎಮರಾಲ್ಡ್‌ನಲ್ಲಿ ಭರತಿ ಮೊದಲಿಂದ್ಲೂ ಇದೆ. ಆಟದೊಳಗಿನ ಮಾಸ್‌ಡೀಪ್ ಊರಿನ ಹತ್ರದ ಶೋಲ್ ಕೇವ್ ಗುಹೆಯಲ್ಲಿ ಕಾರ್ಟ್ರಿಜ್ ಗಡಿಯಾರ ನೋಡ್ಕೊಂಡು ಆರಾರು ಗಂಟೆಗೆ ನೀರು ಏರತ್ತೆ, ಇಳಿಯತ್ತೆ. ಇಳಿದಾಗ ಒಳಗಿನ ಐಸ್ ರೂಮಿಗೆ ಹೋಗಿ ಸ್ನೋರಂಟ್ ಅನ್ನೋ ಪೋಕೆಮಾನ್ ಹಿಡೀಬಹುದು, ಉಪ್ಪು ನಾಲ್ಕು ಚಿಪ್ಪು ನಾಲ್ಕು ಕೂಡಿಸಿದ್ರೆ ಶೆಲ್ ಬೆಲ್ ಅನ್ನೋ ವಸ್ತು ಸಿಗತ್ತೆ. ಬ್ಯಾಟಲ್ ಶುರುವಾದ್ರೆ ಮಾತ್ರ ನೀರಿನ ಸುದ್ದಿನೇ ಇಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ಹೊಳೆ ಸಮುದ್ರ ಸೇರೋ ಬಾಯಲ್ಲೇ ಬೆಳೆದ ನನಗೆ ಇದು ಯಾವಾಗ್ಲೂ ಕಿರಿಕಿರಿ. ಮಳೆ ಬಿಸಿಲು ಒಬ್ಬ ಆಟಗಾರ ಕರೆಸೋದು, ಅವನಿಗೇ ಲಾಭ. ಭರತಿ ಇಬ್ಬರದ್ದೂ ಆಗಬೇಕು, ಯಾವಾಗ ಬರತ್ತೆ ಅನ್ನೋದು ಇಬ್ಬರಿಗೂ ಕಾಣಬೇಕು, ಯಾರೂ ಮೂವ್ ಹಾಕಿ ಕರೆಸೋಕೆ ಆಗಬಾರ್ದು. ನನ್ನ ಹಠ ಅಷ್ಟೇ ಇತ್ತು.

ಮೊದಲನೇ ವರ್ಷನ್ ಸೀದಾ. ಪ್ರತಿ ಟರ್ನ್‌ಗೆ ಒಂದು ಮೆಟ್ಟಿಲು, ಮೇಲೆ ಹೋದ್ರೆ ವಾಟರ್ ಬಗೆಯ ಮೂವ್‌ಗೆ ಒಂದೂವರೆ ಪಟ್ಟು ಡ್ಯಾಮೇಜ್, ಕೆಳಗೆ ಬಂದ್ರೆ ಗ್ರೌಂಡ್ ಮತ್ತು ರಾಕ್ ಬಗೆಗೆ, ಫ್ಲೈಯಿಂಗ್ ಬಗೆಗೆ ಮತ್ತು ಲೆವಿಟೇಟ್ (ತೇಲೋ ಗುಣ) ಇರೋದಕ್ಕೆ ಏನೂ ಸಂಬಂಧ ಇಲ್ಲ. ಆದ್ರೆ ಮಳೆನೂ ಒಂದೂವರೆ, ಸ್ಟ್ಯಾಬ್ (ಪೋಕೆಮಾನ್ ತನ್ನದೇ ಬಗೆಯ ಮೂವ್ ಹಾಕಿದ್ರೆ ಸಿಗೋ ಲಾಭ) ಒಂದೂವರೆ, ಭರತಿ ಒಂದೂವರೆ, ಮೂರೂ ಗುಣಿಸಿದ್ರೆ 3.375. ಲುಡಿಕೋಲೋ ಅನ್ನೋ ಪೋಕೆಮಾನ್ ಸ್ವಿಫ್ಟ್ ಸ್ವಿಮ್ (ಮಳೆಯಲ್ಲಿ ವೇಗ ಏರಿಸೋ ಗುಣ) ಹಾಕ್ಕೊಂಡು ಬಂದು ಸರ್ಫ್ ಅನ್ನೋ ವಾಟರ್ ಮೂವ್ ಒಂದು ಬಿಟ್ರೆ ಎದುರಿಗೆ ಯಾರೂ ಉಳೀತಿರಲಿಲ್ಲ. ಈಗ 1.25 ಇದೆ, ಮಳೆ ಇದ್ದಾಗ ಭರತಿ ಗುಣಿಸೋದೇ ಇಲ್ಲ. ಜಿಬಿಎ ಚಿಪ್‌ಗೆ ದಶಮಾಂಶದ ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ವಲ್ಲ, ಮೂಲ ಕೋಡ್‌ನಲ್ಲಿ ಮಳೆಗೆ ಹದಿನೈದರಿಂದ ಗುಣಿಸಿ ಹತ್ತರಿಂದ ಭಾಗಿಸಿದ ಹಾಗೇ ನಾನು ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದೆ.

ಇಷ್ಟಾದ ಮೇಲೆ ಶೋಡೌನ್ (ಪೋಕೆಮಾನ್ ಬ್ಯಾಟಲ್ ಸಿಮ್ಯುಲೇಟರ್) ಕೋಡ್ ಇಳಿಸ್ಕೊಂಡು, ಜೆನ್ 3 (ಎಮರಾಲ್ಡ್ ಸೇರಿರೋ ಮೂರನೇ ತಲೆಮಾರಿನ ನಿಯಮಗಳು) ಮೇಲೆ ನನ್ನ ಮಾಡ್ ಹಾಕಿ, ಬಾಟ್‌ಗಳನ್ನ ರಾತ್ರಿಯಿಡೀ ಹೊಡೆದಾಡಿಸಿದೆ. ಐವತ್ತು ಸಾವಿರ ಮ್ಯಾಚ್ ಆಸುಪಾಸು ಆಗಿರಬೇಕು. ವಾಟರ್ ಟೀಮ್ ಸುಮಾರು ನೂರಕ್ಕೆ ಐವತ್ತೊಂದು ಗೆಲ್ತಿತ್ತು, ಎಷ್ಟು ಚೆಂದದ ಬ್ಯಾಲೆನ್ಸ್ ಅಂತ ಖುಷಿಯಾಗಿ ಮಲಗಿದೆ. ಮರುದಿನ ಜಗುಲಿ ಮೇಲೆ ಕೂತಿದ್ದ ನಮ್ಮ ಓಣಿಯ ಮೂರು ಹುಡುಗರು ಒಂದೇ ಸಂಜೆಗೆ ಅದನ್ನ ಚಿಂದಿ ಮಾಡಿದ್ರು! ನೀರು ಕೆಳಗಿದ್ದಾಗ ಪ್ರೊಟೆಕ್ಟ್ (ಏಟು ತಡೆಯೋ ಮೂವ್), ಸಬ್‌ಸ್ಟಿಟ್ಯೂಟ್ (ತನ್ನ ಬದಲು ಏಟು ತಿನ್ನೋ ಗೊಂಬೆ ಇಡೋದು), ಮತ್ತೆ ಪ್ರೊಟೆಕ್ಟ್, ಸ್ವಿಚ್ (ಪೋಕೆಮಾನ್ ಬದಲಿಸೋದು), ಹೀಗೆ ಕಾಲ ತಳ್ಳೋದು, ಭರತಿ ಬಂದ ಕೂಡ್ಲೇ ಸರ್ಫ್. ಎದುರಿನವನೂ ಅದನ್ನೇ ಮಾಡ್ತಾನೆ. ಇಬ್ಬರೂ ಸುಮ್ನೆ ಕಾಯ್ತಾ ಕೂತು ಆಟ ಒಣಗಿ ಹೋಯ್ತು. ಬಾಟ್‌ಗೆ ಕಾಯೋಕೆ ಬರಲ್ಲ, ಅದಕ್ಕೇ ಲೆಕ್ಕದಲ್ಲಿ ಇದು ಕಾಣಲೇ ಇಲ್ಲ. ಸಿಮ್ಯುಲೇಶನ್ ನಂಬರ್ ತೋರಿಸಿ ಬ್ಯಾಲೆನ್ಸ್ ಆಗಿದೆ ಅನ್ನೋರನ್ನ ನಾನು ಆವತ್ತಿಂದ ನಂಬಲ್ಲ.

ದಾರಿ ಸಿಕ್ಕಿದ್ದು ಎಷ್ಟೋ ದಿನ ಆದ ಮೇಲೆ: ನೀರು ಟರ್ನ್‌ಗೆ ಏರೋದಲ್ಲ, ತಾಗಿದ ಏಟಿಗೆ ಏರಬೇಕು. ಒಬ್ಬನ ಏಟು ತಾಗಿದ್ರೆ ಒಂದು ಮೆಟ್ಟಿಲು, ಇಬ್ಬರದ್ದೂ ತಾಗಿದ್ರೆ ಎರಡು. ಪ್ರೊಟೆಕ್ಟ್ ತಡೆದ ಏಟು, ಮಿಸ್ ಆದದ್ದು, ಸಬ್‌ಸ್ಟಿಟ್ಯೂಟ್ ತಿಂದದ್ದು, ಲೀಚ್ ಸೀಡ್ (ಪ್ರತಿ ಟರ್ನ್ ಜೀವ ಹೀರೋ ಬೀಜ), ವಿಷ ಯಾವುದೂ ಲೆಕ್ಕಕ್ಕಿಲ್ಲ. ಕೆಳಗಿಂದ ಮೇಲಕ್ಕೆ ಹನ್ನೆರಡು ಮೆಟ್ಟಿಲು. ಈಗ ಪ್ರೊಟೆಕ್ಟ್ ಹಾಕ್ತಾ ಕೂತ್ರೆ ನೀರೂ ಕೂತಲ್ಲೇ ಕೂತಿರತ್ತೆ, ಅಷ್ಟ್ರಲ್ಲಿ ಎದುರಿನವನು ಆರಾಮಾಗಿ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿ ಅಟ್ಯಾಕ್ ಏರಿಸ್ಕೋತಾನೆ. ಭರತಿ ಬೇಕಂದ್ರೆ ಹೊಡೀಲೇಬೇಕು. ಶಿರಸಿ ದೋಸ್ತ "ಸಮುದ್ರ ಹೊಡೆದಾಟ ನೋಡ್ಕಂಡು ಏರ್ತನಾ" ಅಂತ ನಕ್ಕ. ಏರಲ್ಲ, ಗೊತ್ತು. ಆದ್ರೆ ಆಟ ಓಡ್ತಾ ಇದೆ.

ಇದಾದ ಮೇಲೂ ಕಾಟ ತಪ್ಪಲಿಲ್ಲ. ಎರಡರಿಂದ ಐದು ಸಲ ತಾಗೋ ಮೂವ್‌ಗಳು ಒಂದೊಂದು ಏಟಿಗೂ ಮೆಟ್ಟಿಲು ಹತ್ತಿಸ್ತಿದ್ವು, ಕ್ಲಾಯ್‌ಸ್ಟರ್ ಅನ್ನೋ ಪೋಕೆಮಾನ್ ಅಂಥದ್ದೇ ಒಂದು ಸ್ಪೈಕ್ ಕ್ಯಾನನ್ ಬಿಟ್ರೆ ನೀರು ಗುಡ್ಡ ಹತ್ತಿದ ಲೆಕ್ಕ. ನನಗೆ ಅದು ಇಷ್ಟವೇ ಆಯ್ತು, ಪೂರ್ತಿ ತೆಗೀದೆ ಎರಡು ಮೆಟ್ಟಿಲಿಗೆ ನಿಲ್ಲಿಸಿದೆ. ಏಡಿ ಪೋಕೆಮಾನ್ ಕಿಂಗ್ಲರ್ ಕಥೆ ಬೇರೆ. ಭರತಿಯ ಹೀರೋ ಏಡಿನೇ ಆಗಬೇಕು ಅಂತ ನನ್ನ ಆಸೆ, ಆದ್ರೆ ಜೆನ್ 3ರಲ್ಲಿ ವಾಟರ್ ಮೂವ್ ಎಲ್ಲಾ ಸ್ಪೆಷಲ್, ಅಂದ್ರೆ ಡ್ಯಾಮೇಜ್ ಸ್ಪೆಷಲ್ ಅಟ್ಯಾಕ್ ಮೇಲೆ ನಿಲ್ಲತ್ತೆ, ಕಿಂಗ್ಲರ್ ಅಟ್ಯಾಕ್ 130 ಇದ್ರೂ ಸ್ಪೆಷಲ್ ಅಟ್ಯಾಕ್ ಬರೀ 50, ತನ್ನ ವಾಟರ್ ಮೂವ್ ಕ್ರ್ಯಾಬ್‌ಹ್ಯಾಮರ್ ಹೊಡೆದ್ರೆ ಮುತ್ತು ಕೊಟ್ಟ ಹಾಗೆ. ಹಾಗಾಗಿ ಜೆನ್ 4ರ ಫಿಸಿಕಲ್-ಸ್ಪೆಷಲ್ ಸ್ಪ್ಲಿಟ್ (ಬಗೆ ನೋಡದೆ ಮೂವ್ ಒಂದೊಂದಕ್ಕೂ ಫಿಸಿಕಲ್ಲೋ ಸ್ಪೆಷಲ್ಲೋ ಅಂತ ಇಡೋದು) ಕೂಡ ತರಬೇಕಾಯ್ತು. ವಾಟರ್, ಗ್ರೌಂಡ್ ಎರಡೂ ಬಗೆಯ ಸ್ವಾಂಪರ್ಟ್‌ಗೆ ಭರತಿಲಿ ವಾಟರ್ ಲಾಭ, ಇಳಿತದಲ್ಲಿ ಗ್ರೌಂಡ್ ಲಾಭ, ಎಲ್ಲರ ಟೀಮಲ್ಲೂ ಅದೇ. ಅದನ್ನ ಕಟ್ಟಿ ಹಾಕಿದ ಉಪಾಯ ಇಲ್ಲಿ ಹೇಳಲ್ಲ, ಪ್ಯಾಚ್ ಆಡಿದವರಿಗೆ ತಿಳಿಯತ್ತೆ. ಬ್ಯಾಟಲ್ ಶುರುವಾದಾಗ ನೀರು ಎಷ್ಟನೇ ಮೆಟ್ಟಿಲಲ್ಲಿ ಇರಬೇಕು ಅಂತ ತೀರ್ಮಾನ ಮಾಡೋದೂ ನನ್ನ ಹತ್ರನೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗನೂ ಆಯ್ತು. ಗಡಿಯಾರಕ್ಕೆ ಕಾರವಾರದ ನಿಜವಾದ ಭರತಿನೇ ಜೋಡಿಸಿದೆ, ದಿನಕ್ಕೆ ಸುಮಾರು 50 ನಿಮಿಷ ತಡ ಆಗೋದು, ಅಮಾಸೆ-ಹುಣ್ಣಿಮೆಗೆ ಜಾಸ್ತಿ ಏರೋದು ಎಲ್ಲಾ ಸೇರಿಸಿ. ಒಬ್ಬನೇ ಆಡೋಕೆ ಸೊಗಸಾಗಿತ್ತು. ಲಿಂಕ್ ಬ್ಯಾಟಲ್‌ನಲ್ಲಿ ಇಬ್ಬರ ಗಡಿಯಾರ ಬೇರೆಬೇರೆ, ಒಬ್ಬನ ಸ್ಕ್ರೀನಲ್ಲಿ ಭರತಿ ಇನ್ನೊಬ್ಬನದ್ರಲ್ಲಿ ಇಳಿತ, ಡ್ಯಾಮೇಜ್ ಹೊಂದದೆ ಆಟ ನಿಂತು ಹೋಗ್ತಿತ್ತು. ಚಿಪ್ಪಿನ ಪೋಕೆಮಾನ್ ಕ್ಲ್ಯಾಂಪರ್ಲ್ ಇಳಿತದಲ್ಲಿ ನಮ್ಮ ಅಘನಾಶಿನಿ ಹೊಳೆಯ ಬಳಚಿನ (ಚಿಪ್ಪಿನ ಜೀವಿ) ಹಾಗೆ ಬಾಯಿ ಮುಚ್ಚಿ ಡಿಫೆನ್ಸ್ ಏರಿಸ್ಕೊಳ್ಳೋದನ್ನೂ ಬರೆದಿದ್ದೆ, ಯಾರೂ ಕ್ಲ್ಯಾಂಪರ್ಲ್ ಆಡಲ್ಲ ಅಂತ ಬಿಟ್ಟೆ.

ಖರ್ಚು ಕೇಳ್ತಾರೆ. ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಎರಡು ಸಾವಿರ ಚಿಲ್ಲರೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ರಾತ್ರಿ ಓಡ್ತಿದ್ದ ಮ್ಯಾಚೆಲ್ಲ ಅರ್ಧಕ್ಕೇ ನಿಲ್ತಿದ್ವು ಅಂತ ಇನ್ವರ್ಟರ್ ಬ್ಯಾಟರಿಗೆ ಹನ್ನೊಂದು ಸಾವಿರ (ಮನೇಲಿ ಫ್ಯಾನಿಗೆ ಅಂತ ಹೇಳಿದ್ದೆ), ಸೆಕೆಂಡ್ ಹ್ಯಾಂಡ್ ಎಸ್‌ಪಿ (ಮಡಚೋ ಜಿಬಿಎ) ಮತ್ತು ಫ್ಲ್ಯಾಶ್ ಕಾರ್ಟ್ (ನಮ್ಮ ಫೈಲ್ ತುಂಬಿ ಆಡೋ ಕಾರ್ಟ್ರಿಜ್) ಸೇರಿ ಒಂಬತ್ತು-ಹತ್ತು ಸಾವಿರ. 240×160 ಸ್ಕ್ರೀನಲ್ಲಿ ಭರತಿ ಪಟ್ಟಿಗೆ ಜಾಗನೇ ಇಲ್ಲ, ಅದನ್ನ ಹೆಲ್ತ್ ಬಾಕ್ಸ್ ಅಂಚಿಗೆ ಅಂಟಿಸಿ ಚಿತ್ರ ಬರೆದ ಹುಡುಗಿಗೆ ಮೂರೂವರೆ ಸಾವಿರ ಕೊಟ್ಟೆ, ಅದೊಂದೇ ಪೂರ್ತಿ ವಸೂಲಾದ ದುಡ್ಡು. ವಾಪಸ್ ಬಂದದ್ದು ಸೊನ್ನೆ, ಬರೋ ಹಾಗೂ ಇಲ್ಲ. ಪೋಕೆಮಾನ್ ಬೇರೆಯವರ ಆಸ್ತಿ, 2016ರಲ್ಲಿ ಅಭಿಮಾನಿಗಳು ಮಾಡಿದ ಪೋಕೆಮಾನ್ ಆಟಗಳಾದ ಯುರೇನಿಯಂ, ಪ್ರಿಸಮ್ ಎರಡಕ್ಕೂ ನೋಟಿಸ್ ಬಂದದ್ದು ಎಲ್ಲರಿಗೂ ನೆನಪಿದೆ. ನಾನು ಆಟದ ಪೂರ್ತಿ ಫೈಲ್ (ROM) ಹಂಚಲ್ಲ, ನನ್ನ ಬದಲಾವಣೆಯ ಪ್ಯಾಚ್ ಮಾತ್ರ, ಅದೂ ಪುಕ್ಕಟೆ, ಚಂದಾನೂ ಕೇಳಲ್ಲ.

ಡಬಲ್ ಬ್ಯಾಟಲ್ (ಎರಡೂ ಕಡೆ ಎರಡೆರಡು ಪೋಕೆಮಾನ್) ಇನ್ನೂ ಬಾಕಿ. ನಾಲ್ಕೂ ಹೊಡೆದ್ರೆ ಮೂರೇ ಟರ್ನ್‌ಗೆ ಭರತಿ ತುಂಬತ್ತೆ, ಅರ್ಥ್‌ಕ್ವೇಕ್ ಅನ್ನೋ ಮೂವ್ ಅಂತೂ ಪಕ್ಕದವನಿಗೂ ತಾಗೋದ್ರಿಂದ ಸ್ವಂತದವನಿಗೆ ಬಿದ್ದ ಏಟನ್ನೂ ಎಣಿಸಬೇಕೋ ಬೇಡವೋ ಅಂತ ದೋಸ್ತನ ಜೊತೆ ಜಗಳ ನಡೀತಾ ಇದೆ. ಸದ್ಯಕ್ಕೆ ಎಣಿಸ್ತಾ ಇದ್ದೀನಿ.