ಕಾರಿಗೆ ಹೊಸಾ ಟೈರ್ ಹಾಕ್ಸೋರು ಇದನ್ನೊಂದ್ ನೋಡ್ರಿ

ನಮ್ಮ ವಿಜಯಪುರದ ಬಿಸಲಾಗ ಟೈರ್ ರಬ್ಬರ್ ಲಗೂನ ಬಿರಸಾಗತೈತಿ, ಹಿಂಗಾಗಿ ರೇಟ್ ಕಡಿಮಿ ಅಂದಕೂಡ್ಲೇ ಹೂಂ ಅನಬ್ಯಾಡ್ರಿ, ಮೊದಲ ಟೈರಿನ ಬಾಜೂಕ ಡಿಓಟಿ (DOT) ಅಂತಿರೋ ಸಾಲಿನ ಕಡೀ ನಾಕ ಅಂಕಿ ನೋಡ್ರಿ, 2324 ಅಂತಿದ್ರ 2024ರ 23ನೇ ವಾರದಾಗ ತಯಾರಾಗಿದ್ದು. ನನಗ ಹೋದ ಸಲ ಒಂದ ಅಂಗಡ್ಯಾಗ ಹಳೇ ಸ್ಟಾಕ್ ಕೊಟ್ಟಿದ್ರು, ಗ್ರಿಪ್ ಇನ್ನೂ ಚಲೋ ಇದ್ದಾಗ್ಲೇ ಸೈಡಿಗೆ ಕೂದಲೆಳಿಯಂಥಾ ಬಿರುಕು ಬಂದ್ವು.

ಬರೇ ಊರಾಗ ಓಡಾಡೋರಿಗೆ ಭಾಳ ದಿನ ಬಾಳಿಕಿ ಬರೂ ಟೈರ್ ಸಾಕ್ರಿ. ಸೋಲಾಪುರ, ಹುಬ್ಬಳ್ಳಿ ಹೈವೇ ಹಿಡಿಯೋರು ಮಾತ್ರ ಮಳ್ಯಾಗ ಹಿಡಿತ ಇರೋದಕ್ಕ ನಾಕ ರೊಕ್ಕ ಜಾಸ್ತಿ ಕೊಡ್ರಿ, ಬ್ರೇಕಿನ ವಿಷಯ ಐತಿ ಅದು. ಎರಡ ಹಾಕ್ಸೂದಿದ್ರ ಹೊಸವು ಹಿಂದಿನ ಗಾಲಿಗೇ ಹಾಕಸ್ರಿ, ಮಳ್ಯಾಗ ಗಾಡಿ ಹಿಂಭಾಗ ಜಾರೂದು ಕಡಿಮಿ ಆಗತೈತಿ. ಗ್ರಿಪ್ಪಿನ ಆಳ 1.6 ಮಿ.ಮೀ.ಗೆ ಬಂತಂದ್ರ ಟೈರ್ ಬದಲಿ ಮಾಡಾಕ ತಡಾ ಮಾಡಬ್ಯಾಡ್ರಿ, ಗಾಲಿ ಸೀದಾ ಕೂಡಸೂ ಅಲೈನ್‌ಮೆಂಟೂ ಅವತ್ತೇ ಮಾಡಿಸ್ರಿ.